ಛಾಯಾಚಿತ್ರವೂ ಐತಿಹ್ಯವೂ: ಪ್ರಾಗ್ ನಗರದ ಹಳೆ-ಹೊಸ ಸಿನಗಾಗು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಾಣ್ಣುಡಿಯು ಛಾಯಾಚಿತ್ರಗಳ ವಿಷಯದಲ್ಲಿ ವಿಶೇಷವಾಗಿ ಸಲ್ಲತಕ್ಕುದು. ಪ್ರಾಗ್ ನಗರದ ಹಳೆ-ಹೊಸ ಸಿನಗಾಗಿನ ಚಿತ್ರಗಳು ಇದಕ್ಕೆ ಉತ್ತಮ ನಿದರ್ಶನ. 13ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಲ್ಪಟ್ಟ ಈ ಪ್ರಾರ್ಥನಾಮಂದಿರದಲ್ಲಿ ಇಂದಿಗೂ ಪೂಜಾವಿಧಿಗಳು ನಡೆಯುತ್ತವೆ. ಯೆರೂಸಲೇಮಿನ ದೇವಾಲಯದ ಕಲ್ಲುಗಳನ್ನು ದೇವದೂತರು, ಮುಂದೆ ಹಿಂದಿರುಗಿಸಬೇಕೆಂಬ ಕರಾರಿನ ಮೇಲೆ, ಇಲ್ಲಿಗೆ ತಂದರೆಂದು ಐತಿಹ್ಯ. ಹೀಬ್ರೂ ಭಾಷೆಯಲ್ಲಿ ‘ಕರಾರಿನ ಮೇಲೆ’ ಎಂಬರ್ಥದ ಮಾತು ‘ಹಳೆ-ಹೊಸ’ ಎಂಬ ಜರ್ಮನ್ ಹೆಸರಿಗೆ ಉಚ್ಚಾರಣೆಯಲ್ಲಿ ಹತ್ತಿರವಾಗಿರುವುದೇ ಈ ಕಥೆಗೆ ಆಧಾರ. ಮೊದಲು ‘ಹೊಸದು’ ಎನಿಸಿದ್ದ ಮಂದಿರವು, ಮತ್ತೆ ಹೊಸ ಸಿನಗಾಗುಗಳು ಎದ್ದ ಬಳಿಕ, ‘ಹಳೆ-ಹೊಸ’ದ್ದಾಯಿತೆಂಬುದೇ ಸಹಜವಾದ ವಿವರಣೆ.

ಛಾಯಾಗ್ರಾಹಕರ ಕಣ್ಣು ಹೆಚ್ಚಾಗಿ ಮಂದಿರದ ಪೂರ್ವದ ಗೋಡೆಯ ಮೇಲೆ ಬೀಳುತ್ತದೆ. ಅಲ್ಲಿ ಕಬ್ಬಿಣದ ಮೆಟ್ಟಿಲುಗಳು ಅಟ್ಟದ ಬಾಗಿಲಿಗೆ ಏರುತ್ತವೆ. ರಬ್ಬಿ ಯೆಹೂದಾ ಲೋವ್ ಮಣ್ಣಿನಿಂದ ಮಾಡಿ ಜೀವವಿತ್ತ ಗೋಲೆಮ್ ಆ ಅಟ್ಟದಲ್ಲಿ ಮಲಗಿದೆಯೆಂಬುದು ಲೋಕವಾರ್ತೆ. ರಬ್ಬಿಯು 1609ರಲ್ಲಿ ಗತಿಸಿದರು. ಅವರ ಸಮಕಾಲೀನನಾದ ದಾವಿದ್ ಗಾನ್ಸನು 1592ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಅವರ ಪಾಂಡಿತ್ಯದ ಪ್ರಶಂಸೆಯಿದೆ, ಗೋಲೆಮಿನ ಸುದ್ದಿಯಿಲ್ಲ. ಕಥೆಯು ಅಚ್ಚಿನಲ್ಲಿ ಹರಡಿದ್ದು 19ನೆಯ ಶತಮಾನದಲ್ಲಿ. ಯೂಡಲ್ ರೋಸೆನ್‌ಬರ್ಗರ 1909ರ ಪುಸ್ತಕದಿಂದ ಅದು ಮತ್ತಷ್ಟು ಬಲಗೊಂಡಿತು. ಎಗೋನ್ ಎರ್ವಿನ್ ಕಿಶ್ ಎಂಬ ಪತ್ರಕರ್ತನು ಅಟ್ಟವನ್ನು ಹತ್ತಿ ನೋಡಿ, ಗೋಲೆಮನ್ನು ಕಾಣದೆ ಇಳಿದನು. ಆದರೂ ಮೆಟ್ಟಿಲುಗಳ ಚಿತ್ರದ ಕೆಳಗೆ ಗೋಲೆಮಿನ ಹೆಸರನ್ನು ಬರೆದೊಡನೆ ಮುಚ್ಚಿದ ಬಾಗಿಲೇ ಸಾಕ್ಷಿಯಾಗಿ ಪರಿಣಮಿಸುತ್ತದೆ.

ಸುತ್ತಲಿನ ವಿಶಾಲವಾದ ಬೀದಿಗಳ ನಡುವೆ ಮಂದಿರವು ಏಕಾಕಿಯಾಗಿ ನಿಂತಿರುವ ನೋಟವೂ ಐತಿಹ್ಯಕ್ಕೆ ಅನುಕೂಲ. ಆದರೆ ಈ ಏಕಾಂತವು ಪ್ರಾಚೀನವಲ್ಲ. 1893ರ ಶಾಸನದ ಮೇರೆಗೆ ಯೆಹೂದ್ಯರ ಕೇರಿಯ ಬಹುಭಾಗವನ್ನು ಕೆಡವಿದ್ದರ ಫಲವದು. ಇಕ್ಕಟ್ಟಾದ ಓಣಿಗಳಲ್ಲಿ ಮನೆಗಳಿಂದ ಒತ್ತರಿಸಲ್ಪಟ್ಟಿದ್ದ ಮಂದಿರವನ್ನು ಇಂದಿನ ಚಿತ್ರವು ಕಾಣಿಸಲಾರದು.

ಇದಕ್ಕಿಂತ ಗುರುತರವಾದ ನಷ್ಟವೊಂದುಂಟು. 1389ರ ಈಸ್ಟರ್ ಕಾಲದಲ್ಲಿ ಈ ಕೇರಿಯ ಯೆಹೂದ್ಯರ ಕೊಲೆ ನಡೆಯಿತು. ಹತರ ರಕ್ತದ ನೆನಪಿಗಾಗಿ ಮಂದಿರದ ಗೋಡೆಗಳಿಗೆ ಶತಮಾನಗಳವರೆಗೆ ಸುಣ್ಣ ಬಳಿಯಲಿಲ್ಲವೆಂದು ಸಂಪ್ರದಾಯ ಹೇಳುತ್ತದೆ. ಗೋಡೆಯ ಕಲೆಯು ರಕ್ತದ್ದೋ ಹೊಗೆಯದೋ ಎಂಬುದನ್ನು ಛಾಯಾಚಿತ್ರ ನಿರ್ಣಯಿಸದು. ಆದರೆ ಕೊಲೆಗೆ ಗೋಡೆಯ ಸಾಕ್ಷ್ಯವೇ ಬೇಕಾಗಿಲ್ಲ: ರಬ್ಬಿ ಅವಿಗ್ದೋರ್ ಕಾರಾ ರಚಿಸಿದ ಶೋಕಗೀತೆಯನ್ನು ಪ್ರಾಗಿನ ಯೆಹೂದ್ಯರು ಪ್ರಾಯಶ್ಚಿತ್ತ ದಿನದ ಪ್ರಾರ್ಥನೆಯಲ್ಲಿ ಸೇರಿಸಿಕೊಂಡರು. ಹೀಗೆ, ಚಿತ್ರಕ್ಕೆ ಸುಲಭವಾಗಿ ಸಿಕ್ಕುವ ಅರ್ವಾಚೀನ ಕಥೆಯು ಮುಂದೆ ನಿಲ್ಲುತ್ತದೆ. ಚಿತ್ರಕ್ಕೆ ಸಿಕ್ಕದ ಪುರಾತನ ದುಃಖವು ಹಿಂದೆ ಸರಿಯುತ್ತದೆ. ಜನಾಂಗವನ್ನು ಕಾಪಾಡಿದ ಮಣ್ಣಿನ ಆಳನ್ನು ನೆನೆಯುವವರು, ಕಾಪಾಡುವವರಿಲ್ಲದೆ ಮಡಿದವರನ್ನು ಮರೆಯುತ್ತಾರೆ.

ಐತಿಹ್ಯವನ್ನು ತಳ್ಳಿಹಾಕುವುದು ಇದಕ್ಕೆ ಪರಿಹಾರವಲ್ಲ. ಭಯಗ್ರಸ್ತರಾದ ಜನರ ಹಂಬಲವು ಅದರಲ್ಲಿ ಅಡಗಿದೆ. ಚಿತ್ರದೊಡನೆ ಕಥೆಯ ಕಾಲವನ್ನೂ ಘಟನೆಯ ಪ್ರಮಾಣವನ್ನೂ ಬೇರೆಬೇರೆಯಾಗಿ ತಿಳಿಸುವುದೇ ಸರಿಯಾದ ಮಾರ್ಗ. ಸಮೀಪದ ಪಿಂಕಾಸ್ ಸಿನಗಾಗಿನ ಗೋಡೆಗಳ ಮೇಲೆ, ನಾಟ್ಸಿಗಳ ಹಿಂಸೆಗೆ ಬಲಿಯಾದ ಬೊಹೀಮಿಯ-ಮೊರಾವಿಯಗಳ 77,000ಕ್ಕೂ ಹೆಚ್ಚು ಯೆಹೂದ್ಯರ ಹೆಸರುಗಳಿವೆ. ಅಲ್ಲಿ ಗೋಡೆಯೇ ಬರಹವಾಗಿದೆ. ಹಳೆ-ಹೊಸ ಸಿನಗಾಗಿನ ಮೌನದ ಗೋಡೆಗಳಿಗೆ ಆ ಬರಹವನ್ನು ಒದಗಿಸುವ ಹೊಣೆ ಚಿತ್ರವನ್ನು ಪ್ರಕಟಿಸುವವರದು.