‘ನಮ್ದೇ’ ಎನ್ನುವುದು ಭವಿಷ್ಯವೇ?

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ನಡೆದ ಐಪಿಎಲ್ ಫೈನಲ್ಲಿನಲ್ಲಿ ಆರ್‌ಸಿಬಿ ತಂಡ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿದ್ದೇ ತಡ, ಒಂದು ವಾಕ್ಯದ ಬೆಲೆ ಬೆಲ್ಲದ ಬೆಲೆಗಿಂತ ಜೋರಾಗಿ ಏರಿತು. ‘ಈ ಸಲ ಕಪ್ ನಮ್ದೇ’ ಎಂದು ಕೂಗುತ್ತಿದ್ದವರೆಲ್ಲ ಈಗ ಕಾಲಜ್ಞಾನಿಗಳು. ನಂಬಿಕೆ ಫಲಿಸಿತು ಎಂದು ಕೆಲವರು ಬರೆದರು, ಕನ್ನಡಿಗರ ತಾಳ್ಮೆಯ ಮಹಾವಾಕ್ಯ ಎಂದು ಕೆಲವರು ಹಾಡಿ ಹೊಗಳಿದರು. ವರ್ಷ ವರ್ಷವೂ ತಪ್ಪಿ ಒಂದು ವರ್ಷ ಸರಿಹೋದ ಮಾತನ್ನು ಭವಿಷ್ಯವಾಣಿ ಎನ್ನುವುದಾದರೆ, ದಿನಾ ಬೆಳಗ್ಗೆ ‘ಇವತ್ತು ಮಳೆ’ ಎನ್ನುವ ನಮ್ಮ ಬಸರಾಳಿನ ಮುದುಕರಿಗೆಲ್ಲ ಹವಾಮಾನ ಇಲಾಖೆ ಸಂಬಳ ಕೊಡಬೇಕು.

2009, 2011, 2016ರ ಫೈನಲ್ ಸೋಲುಗಳನ್ನಾಗಲಿ, 2017ರಲ್ಲಿ 49 ರನ್ನಿಗೆ ಗಂಟುಮೂಟೆ ಕಟ್ಟಿದ್ದನ್ನಾಗಲಿ ಇಲ್ಲಿ ಕೆದಕುವುದಿಲ್ಲ. ಆ ಗಾಯಗಳು ಎಲ್ಲರಿಗೂ ಬಾಯಿಪಾಠ. ನನ್ನ ತಕರಾರು ತಂಡದ ಮೇಲಲ್ಲ, ವಾಕ್ಯದ ಮೇಲೆ.

ಮೊದಲಿಗೆ, ಇದರಲ್ಲಿ ಕ್ರಿಯಾಪದವೇ ಇಲ್ಲ. ಗೆಲ್ಲುತ್ತೇವೆ ಎಂದಿಲ್ಲ, ಗೆಲ್ಲಬಹುದು ಎಂದಿಲ್ಲ. ಇರುವುದು ಒಡೆತನದ ಮಾತು. ನಮ್ಮ ಕಡೆ ಗದ್ದೆ ಬದುವಿನ ಮೇಲೆ ನಿಂತು ‘ಈ ಬದ ನಮ್ದೇ’ ಎಂದು ಯಾರಾದರೂ ಕೂಗಿದರೆ, ಪಕ್ಕದವನು ಆಗಲೇ ನಾಲ್ಕು ಗುದ್ದಲಿ ಒತ್ತುವರಿ ಮಾಡಿದ್ದಾನೆ ಎಂದರ್ಥ. ತಕರಾರಿಲ್ಲದ ಹೊಲವನ್ನು ಯಾರೂ ‘ನಮ್ದೇ’ ಎನ್ನುವುದಿಲ್ಲ, ‘ನಮ್ದು’ ಎನ್ನುತ್ತಾರೆ, ಅಷ್ಟೆ. ಶಾಲೆಯ ವ್ಯಾಕರಣ ಈ ಏಕಾರವನ್ನು ಅವಧಾರಣೆ ಎನ್ನುತ್ತದೆ. ಒತ್ತಿ ಹೇಳಬೇಕಾಗಿ ಬಂದದ್ದೇ ಅನುಮಾನದ ಗುರುತು. ಬರಹದ ಕನ್ನಡದಲ್ಲಿ ಪ್ರಶ್ನೆಗೂ ಇದೇ ಏಕಾರ ಎಂಬುದನ್ನು ಮರೆಯಬಾರದು. ಆಣೆಗೂ ಅನುಮಾನಕ್ಕೂ ಒಂದೇ ಅಕ್ಷರ.

ಇದನ್ನು ಆರ್‌ಸಿಬಿ ಮಹಿಳಾ ತಂಡದ ನಾಯಕಿ ಸ್ಮೃತಿ ಮಂದಾನ ನಮ್ಮ ವಿಮರ್ಶಕರಿಗಿಂತ ಮೊದಲೇ ಕಂಡುಕೊಂಡರು. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಗೆದ್ದು ನಿಂತಾಗ, ಇಷ್ಟು ದಿನ ‘ನಮ್ದೇ’ ಆಗಿದ್ದದ್ದು ಇನ್ನು ‘ನಮ್ದು’ ಎಂದರು. ಕಪ್ ಕೈಗೆ ಬಂತು, ಏಕಾರ ಉದುರಿತು. ಈ ಘೋಷಣೆಯ ಬಗ್ಗೆ ಬಂದಿರುವ ಅತ್ಯುತ್ತಮ ವಿಮರ್ಶೆ ನನಗೆ ಅದೇ.

ಆದರೆ ನಮ್ಮ ಪಂಡಿತರು ಬೇರೆ ಕಡೆ ಜಗಳಕ್ಕೆ ನಿಂತಿದ್ದಾರೆ. ‘ನಮ್ದೇ’ ಅಶುದ್ಧ, ‘ನಮ್ಮದೇ’ ಆಗಬೇಕು ಎನ್ನುವುದು ಒಬ್ಬರ ವಾದ. ಕಪ್ಪಿಗೂ ಕನ್ನಡ ಬೇಕು ಎನ್ನುವುದು ಇನ್ನೊಬ್ಬರದು. ಇವರ ಮಾತು ಕೇಳಿ ‘ಈ ಬಾರಿ ಬಟ್ಟಲು ನಮ್ಮದೇ’ ಎಂದು ಕೂಗಿದರೆ ಮದುವೆ ಮನೆಯಲ್ಲಿ ಪಾತ್ರೆ ಎಣಿಸಿದಂತೆ ಇರುತ್ತದೆ. ಎದುರು ಬಣದವರು ಅಭಿಮಾನಿಗಳು: ಕೊಹ್ಲಿ, ಡಿವಿಲಿಯರ್ಸ್ ಬಾಯಲ್ಲಿ ಕನ್ನಡ ಆಡಿಸಿದ ಘೋಷಣೆ ಇದು ಎಂಬ ಹೆಮ್ಮೆ ಅವರದು. ಮೂರು ಪದ ಕನ್ನಡ ಆಡಿದ್ದಕ್ಕೆ ಇಷ್ಟು ಕೃತಜ್ಞತೆಯೇ? 2023ರಲ್ಲಿ ನಾಯಕ ಫಾಫ್ ಡುಪ್ಲೆಸಿ ಬಾಯಿತಪ್ಪಿ ‘ಈ ಸಲ ಕಪ್ ನಹೀ’ ಎಂದುಬಿಟ್ಟರು. ಆ ವರ್ಷ ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಘೋಷಣೆಯ ಚರಿತ್ರೆಯಲ್ಲಿ ಕರಾರುವಾಕ್ಕಾದ ಭವಿಷ್ಯ ಅದೊಂದೇ.

ನಿಜವಾದ ಭವಿಷ್ಯಕ್ಕೆ ಕನ್ನಡದಲ್ಲಿ ಬೇರೆ ಪ್ರತ್ಯಯವಿದೆ. ಅದು ‘ರೆ’. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾನೆ ರೈತ. ಬಂದರೆ. ಬರದಿದ್ದರೆ ಮಾತು ಮುಗಿಯಿತು, ಬಂದೂ ಬೆಳೆ ಆಗದಿದ್ದರೆ ಗಾದೆ ಸುಳ್ಳು. ಸುಳ್ಳಾಗುವ ಧೈರ್ಯ ಅದಕ್ಕಿದೆ. ನಮ್ಮ ಮಂಡ್ಯ ಜಿಲ್ಲೆಯವರು ಚುನಾವಣೆಗೆ ಕುರಿ ಟಗರು ಬಾಜಿ ಕಟ್ಟುವವರೆಂದು ಹೆಸರಾದವರು. ಆ ಚಟವನ್ನು ಹೊಗಳುತ್ತಿಲ್ಲ. ಆದರೂ ಬಾಜಿ ಕಟ್ಟುವವನು ‘ಇಂಥವರು ಗೆದ್ದರೆ ಟಗರು ನಿಂದು’ ಎನ್ನುತ್ತಾನೆ. ಕಪ್ ನಮ್ದೇ ಎಂದು ಗಂಟಲು ಹರಿದುಕೊಂಡವರು ಒಂದು ಕೋಳಿಪಿಳ್ಳೆಯನ್ನು ಕಟ್ಟಿದ್ದನ್ನೂ ನಾನು ಕಂಡಿಲ್ಲ.

ಆರ್‌ಸಿಬಿ ಅಭಿಮಾನಿಗೂ ಈ ‘ರೆ’ ಬರುತ್ತದೆ. ಮಾರ್ಚಿನಲ್ಲಿ ಏಕಾರದಿಂದ ಶುರುವಾದ ಸೀಸನ್ನು ಮೇ ತಿಂಗಳಿಗೆ ‘ರೆ’ಗೆ ಇಳಿಯುತ್ತದೆ. 2024ರ ಮೇ 18 ನೆನಪಿಸಿಕೊಳ್ಳಿ. ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಐದು ಸತತ ಗೆದ್ದು, ಕೊನೆಯ ಪಂದ್ಯ ಚೆನ್ನೈ ಮೇಲೆ. ಬೆಂಗಳೂರು ಹೊಡೆದದ್ದು 218. ಚೆನ್ನೈ ಗೆಲ್ಲಲು 219 ಬೇಕು, ಆದರೆ 201 ಹೊಡೆದರೆ ಸೋತೂ ಪ್ಲೇಆಫ್‌ಗೆ ಪಾಸು. ಮಳೆ ಬಂದು ಪಂದ್ಯ ನಿಂತರೂ ಪಾಸು. ಹಿಂದಿನ ವರ್ಷದ ಬರದಲ್ಲಿ ಬೆಂದ ನಮ್ಮೂರು, ಕೃತ್ತಿಕೆ ಮಳೆಯ ಕಾಲ. ಟೀ ಅಂಗಡಿಯ ಟಿವಿ ಮುಂದೆ ಹಿರಿಯರೊಬ್ಬರು ತಲೆ ಕೆರೆದುಕೊಂಡರು: “ಮಳೆ ಬಂದ್ರೆ ಅವ್ರು ಒಳಿಕ್ಕೆ, ಬರ್ದಿದ್ರೆ ನಾವು ಒಳಿಕ್ಕೆ. ನಂಗೆ ಎಲ್ಡೂ ಬೇಕಲ್ಲ, ಏನ್ಲಾ ಮಾಡದು?” ಮಳೆ ಬೆಂಗಳೂರಲ್ಲಿ ಬಾರದೆ ಬಸರಾಳಲ್ಲಿ ಬಂದರೆ ಎರಡೂ ದಕ್ಕುತ್ತವೆ ಎಂದು ಒಬ್ಬ ಹುಡುಗ ಪರಿಹಾರ ಕೊಟ್ಟ. ಪಾಸಾಗಲು ಕೊನೆಯ ಓವರಿಗೆ 17 ಬೇಕಿತ್ತು. ಯಶ್ ದಯಾಳ್ ಮೊದಲ ಚೆಂಡಿಗೇ ಧೋನಿಯಿಂದ ಸಿಕ್ಸರ್ ಹೊಡೆಸಿಕೊಂಡ, ಮರುಚೆಂಡಿಗೆ ಅವರನ್ನೇ ಕೆಡವಿದ. ಚೆನ್ನೈ 191ಕ್ಕೆ ನಿಂತಿತು. ಆ ಹೊತ್ತಿನ ಅಂಗಡಿಯಲ್ಲಿದ್ದ ಲೆಕ್ಕ, ಆಸೆ, ಹಾಸ್ಯ, ಅಳುಕು ಯಾವುದಕ್ಕೂ ನಾಲ್ಕು ಪದದ ಘೋಷಣೆಯಲ್ಲಿ ಜಾಗವಿಲ್ಲ. ಆ ‘ರೆ’ಯನ್ನು ಹೊಗಳಿ ಯಾರೂ ಬರೆಯಲಿಲ್ಲ.

ಘೋಷಣೆಗೂ ಗುಣವಿಲ್ಲವೆಂದಲ್ಲ. ಚಿಕ್ಕದು, ಕೂಗಲು ಸಲೀಸು, ಸೋತವರನ್ನು ಮತ್ತೆ ಒಟ್ಟಿಗೆ ಕೂರಿಸಿತು. 2025ರ ಕಪ್ ಗೆದ್ದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದಕ್ಕೆ ಒಂದು ವಾಕ್ಯವನ್ನು ಹೊಣೆ ಮಾಡುವುದು ಅನ್ಯಾಯ. ಆದರೆ ಆ ದಿನದ ಮೇಲೂ ‘ನಂಬಿಕೆ ಫಲಿಸಿತು’ ಎಂದು ಬರೆಯಲು ನನ್ನ ಕೈ ಬರುವುದಿಲ್ಲ.

ಅದೇ ವರ್ಷ ಬೆಂಗಳೂರಿನ ಫುಟ್‌ಬಾಲ್ ಅಭಿಮಾನಿಗಳ ಪಾಡು ಯಾರ ಗಮನಕ್ಕೂ ಬರಲಿಲ್ಲ. ಏಪ್ರಿಲ್ 12ರಂದು ಬೆಂಗಳೂರು ಎಫ್‌ಸಿ ಐಎಸ್‌ಎಲ್ ಫೈನಲ್ಲಿನಲ್ಲಿ ಮೋಹನ್ ಬಾಗಾನ್‌ಗೆ 1-2ರಿಂದ ಸೋತಿತು. ಜುಲೈ ಹೊತ್ತಿಗೆ, ಫೆಡರೇಷನ್ನಿಗೂ ಲೀಗ್ ನಡೆಸುವವರಿಗೂ ಕರಾರು ಕುದುರದೆ, ಮುಂದಿನ ಸೀಸನ್ನನ್ನೇ ತಡೆಹಿಡಿದರು. ಅವರಿಗೆ ‘ಕಪ್’, ‘ನಮ್ದೇ’ ಹಾಗಿರಲಿ, ‘ಈ ಸಲ’ ಎನ್ನುವುದಕ್ಕೇ ಗತಿಯಿರಲಿಲ್ಲ. ಹೊಸ ಸೀಸನ್ ಬಗ್ಗೆ ಕೇಳಿದರೆ ಅವರು ಹೇಳಬಹುದಾಗಿದ್ದ ಭವಿಷ್ಯ ಒಂದೇ ಪದದ್ದು, ‘ನಡೆದರೆ’. ಬಿತ್ತನೆಗೆ ಮೊದಲು ಮುಗಿಲು ನೋಡುವ ನಮ್ಮೂರಿನವರಿಗೆ ಆ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.