ಧೂಳನ್ನು ತೂಗುವ ತಕ್ಕಡಿ

ಸೂರ್ಯನ ಎಂಟು ಪಟ್ಟಿಗೂ ಮೀರಿದ ದ್ರವ್ಯರಾಶಿಯ ನಕ್ಷತ್ರಗಳು ಹುಟ್ಟುವಾಗ ಕಣ್ಣಿಗೆ ಬೀಳುವುದಿಲ್ಲ. ಸುತ್ತಲಿನ ಧೂಳು ಅವುಗಳ ಬೆಳಕನ್ನು ನುಂಗಿ, ತಾನು ಬೆಚ್ಚಗಾಗಿ, ಆ ಶಾಖವನ್ನು ದೂರದ ಅವಕೆಂಪು ಕಿರಣವಾಗಿ ಹೊರಬಿಡುತ್ತದೆ. ಬೆಚ್ಚಗೆ ಅಂದರೂ 30 ಕೆಲ್ವಿನ್ ಆಸುಪಾಸು, ಅಂದರೆ ಸೊನ್ನೆಗಿಂತ 243 ಡಿಗ್ರಿ ಸೆಲ್ಸಿಯಸ್ ಕೆಳಗೆ! ಈ ಕಿರಣವನ್ನು ನಮ್ಮ ಗಾಳಿಯ ನೀರಾವಿ ನೆಲ ಮುಟ್ಟಗೊಡುವುದಿಲ್ಲ.

ಅದಕ್ಕೇ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1 ಮೀಟರ್ ದೂರದರ್ಶಕವೊಂದನ್ನು ಬಲೂನಿಗೆ ಕಟ್ಟಿ ಹೈದರಾಬಾದಿನಿಂದ ಮೇಲಕ್ಕೆ ಹಾರಿಸಿದರು. ಸುಮಾರು 150 ಮತ್ತು 210 ಮೈಕ್ರಾನ್‌ಗಳ ಎರಡು ತರಂಗಾಂತರ ಪಟ್ಟಿಗಳಲ್ಲಿ ಅದು ಇಂಥ ನಕ್ಷತ್ರಗಳು ಹುಟ್ಟುವ ತಾಣಗಳ ನಕ್ಷೆ ತೆಗೆಯಿತು. ಅಷ್ಟೇ ಆಗಿದ್ದರೆ ನಾನು ಇಷ್ಟು ಮೆಚ್ಚುತ್ತಿರಲಿಲ್ಲ. ಕೆಲವು ತಾಣಗಳನ್ನು ಪುಣೆ ಬಳಿಯ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯ 30 ಡಿಶ್‌ಗಳಿಂದಲೂ ನೋಡಿ, ನಕ್ಷತ್ರ ಅಯಾನೀಕರಿಸಿದ ಅನಿಲವನ್ನು ಧೂಳಿನ ಪಕ್ಕದಲ್ಲಿಟ್ಟು ಓದಿದ್ದು ಜಾಣತನ. ಮಿಲಿಮೀಟರ್ ಅಲೆಗಳಲ್ಲಿ ಇವೆರಡರ ಹೊಳಪೂ ಬೆರೆತೇ ಬರುತ್ತದೆ. ಬೇರ್ಪಡಿಸದಿದ್ದರೆ ಅನಿಲದ ಪಾಲೂ ಧೂಳಿನ ಖಾತೆಗೇ ಜಮೆ.

ನನ್ನ ತಕರಾರು ತೂಕದ ಬಗ್ಗೆ. ಎರಡು ಪಟ್ಟಿಗಳ ಹೊಳಪಿನ ಅನುಪಾತದಿಂದ ಉಷ್ಣತೆ ತೆಗೆಯುತ್ತಾರೆ. ಖಗೋಳವಿಜ್ಞಾನಿ ಹಿಲ್ಡೆಬ್ರಾಂಡ್ 1983ರಲ್ಲಿ ಬರೆದಿಟ್ಟ ಸೂತ್ರದ ದಾರಿಯಲ್ಲಿ ಧೂಳಿನ ದ್ರವ್ಯರಾಶಿ ಸಿಗುತ್ತದೆ. ಅದನ್ನು 100ರಿಂದ ಗುಣಿಸಿದರೆ ಅನಿಲವೂ ಸೇರಿದ ಇಡೀ ಮೋಡದ ತೂಕ. ಆದರೆ ದಟ್ಟ ಮೋಡದಲ್ಲಿ ಕಣಗಳು ಮಂಜುಗಡ್ಡೆ ಹೊದ್ದು, ಒಂದಕ್ಕೊಂದು ಅಂಟಿ ಬೆಳೆಯುತ್ತವೆ. ಆಗ ಅಷ್ಟೇ ಧೂಳು ಬೇರೆ ಪ್ರಮಾಣದಲ್ಲಿ ಹೊಳೆಯುತ್ತದೆ. ಕಣದ ಗುಣ ಯಾವುದೆಂದು ಊಹಿಸುತ್ತೀರೋ ಅದರ ಮೇಲೆ ತೂಕ ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಒಂದೇ ಸೂತ್ರದಿಂದ ತೂಗಿದ ಎರಡು ಮೋಡಗಳ ಹೋಲಿಕೆಯನ್ನು ನಂಬಬಹುದು. ಒಂಟಿ ಅಂಕಿಯನ್ನು ನಂಬಲಾರೆ.

ಪಟ್ಟಿಗಳು ಹೆಚ್ಚಾದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. 2009ರಲ್ಲಿ ಹಾರಿದ ಬಾಹ್ಯಾಕಾಶ ದೂರದರ್ಶಕ ಹರ್ಷೆಲ್‌ಗೆ 3.5 ಮೀಟರ್ ಕನ್ನಡಿ. ಅದರ ಹೈ-ಗ್ಯಾಲ್ ಸಮೀಕ್ಷೆ 70ರಿಂದ 500 ಮೈಕ್ರಾನ್‌ವರೆಗೆ ಐದು ಪಟ್ಟಿಗಳಲ್ಲಿ ನಡೆಯಿತು. ಚಿತ್ರಗಳು ಬೆರಗು ಹುಟ್ಟಿಸುವಂಥವೇ. ಆದರೂ ಅಳತೆಯ ಗದ್ದಲವೇ ಉಷ್ಣತೆಗೂ ಕಣದ ಗುಣಕ್ಕೂ ಸುಳ್ಳು ನಂಟು ಕಟ್ಟಬಲ್ಲದೆಂದು ಖಗೋಳವಿಜ್ಞಾನಿ ಶೆಟ್ಟಿ ಮತ್ತು ಸಂಗಡಿಗರು 2009ರಲ್ಲೇ ತೋರಿಸಿದ್ದರು.

ಇನ್ನೊಂದು ಮಾತು. ಬಲೂನಿನ ನಕ್ಷೆಯ ಸೂಕ್ಷ್ಮತೆ ಸುಮಾರು 1 ಆರ್ಕ್‌ಮಿನಿಟ್. ಇಂಥ ತಾಣಗಳಲ್ಲಿ ನಮಗೆ ತೀರ ಹತ್ತಿರದ ಒರಾಯನ್‌ನಲ್ಲೇ ಅದು ಭೂಮಿ–ಸೂರ್ಯರ ಅಂತರದ 25,000 ಪಟ್ಟು. ಅಷ್ಟಗಲದಲ್ಲಿ ಎಷ್ಟೋ ಮರಿ ನಕ್ಷತ್ರಗಳು ಅಡಗಿರಬಹುದು. ಚಿಲಿಯ ಆಲ್ಮಾ ದೂರದರ್ಶಕ ಸಮೂಹ ಅವನ್ನು ಬಿಡಿಸಿ ತೋರಿಸುತ್ತದೆ ನಿಜ, ಆದರೆ ಹರಡಿಕೊಂಡ ತೆಳು ಧೂಳು ಅದರ ಜರಡಿಯಲ್ಲಿ ಸೋರಿಹೋಗುತ್ತದೆ.