ಯಂತ್ರವೂ ಬಟವಾಡೆಯೂ

ಯಂತ್ರದ ಗುಣದೋಷವನ್ನು ಕುರಿತು ನಮ್ಮಲ್ಲಿ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ದೊಡ್ಡ ಕಾರ್ಖಾನೆಯ ಹೊಗೆಗೊಳವೆಯನ್ನು ಕಣ್ಣ ಮುಂದಿಟ್ಟುಕೊಂಡು ನಡೆದದ್ದು. ಕೈಗಾರಿಕೆ ಬೆಳೆಯದ ನಾಡಿಗೆ ಉಳಿಗಾಲವಿಲ್ಲವೆಂದು ಸಾರಿದ ವಿಶ್ವೇಶ್ವರಯ್ಯನವರು ಒಂದು ಕಡೆ, 1909ರಲ್ಲಿಯೇ ‘ಹಿಂದ್ ಸ್ವರಾಜ್’ನಲ್ಲಿ ಯಂತ್ರನಾಗರಿಕತೆಯನ್ನು ಖಂಡಿಸಿ, ಆಮೇಲೆ ಸಿಂಗರ್ ಹೊಲಿಗೆಯ ಯಂತ್ರಕ್ಕೆ ವಿನಾಯಿತಿ ಕೊಟ್ಟ ಗಾಂಧೀಜಿಯವರು ಇನ್ನೊಂದು ಕಡೆ, ಇವರಿಬ್ಬರಲ್ಲಿ ಯಾರ ಪಕ್ಷವನ್ನಾದರೂ ಹಿಡಿದು ವಾದಿಸುವುದು ವಿದ್ಯಾವಂತರಿಗೆ ಬಹುಕಾಲ ಒಂದು ವಿನೋದವೇ ಆಗಿದ್ದಿತು. ಆದರೆ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳೆಂಬ ಈ ನಾಲ್ಕು ತಾಲ್ಲೂಕುಗಳಲ್ಲಿ, ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ, ಮಳೆ ಕೈಕೊಟ್ಟ ವರ್ಷ ಒಂದೆರಡು ಹಸುವಿನ ಕೆಚ್ಚಲನ್ನು ನಂಬಿ ದಿನ ದೂಡುವ ಜನರ ನಡುವೆ, ಸ್ವಯಂಚಾಲನವೆಂಬುದು ಹೊಗೆಗೊಳವೆಯಾಗಿ ಬರಲಿಲ್ಲ. ಹಳ್ಳಿಯ ಡೈರಿಯ ಮೇಜಿನ ಮೇಲೆ ಕೂರುವಷ್ಟು ಸಣ್ಣ ಪೆಟ್ಟಿಗೆಯಾಗಿ ಬಂದಿತು.

ಡೈರಿಯೆಂದರೆ ನಮ್ಮ ಕಡೆ ಹಾಲು ಉತ್ಪಾದಕರ ಸಹಕಾರ ಸಂಘ. ಹಿಂದೆ ಅಲ್ಲಿ ಹಾಲಿನ ಯೋಗ್ಯತೆಯನ್ನು ನಿರ್ಣಯಿಸುತ್ತಿದ್ದದ್ದು ಲ್ಯಾಕ್ಟೋಮೀಟರು ತೋರಿಸುವ ‘ಡಿಗ್ರಿ’ ಮತ್ತು ಕಾರ್ಯದರ್ಶಿಯ ಮುಖಭಾವ. ಜಿಡ್ಡಿನಂಶವನ್ನು ತಿಳಿಯಬೇಕಾದರೆ ಗಂಧಕಾಮ್ಲವನ್ನೂ ಅಮೈಲ್ ಆಲ್ಕೊಹಾಲನ್ನೂ ಹಾಲಿನೊಡನೆ ಗಾಜಿನ ನಳಿಗೆಯಲ್ಲಿ ಬೆರೆಸಿ, ಗಿರಗಿರನೆ ತಿರುಗಿಸಿ, ಮೇಲೆ ತೇಲಿದ ಕೊಬ್ಬಿನ ಪಟ್ಟಿಯನ್ನು ಕಣ್ಣಳತೆಯಿಂದ ಓದಬೇಕಾಗಿತ್ತು. ಗರ್ಬರ್ ಎಂಬ ಸ್ವಿಸ್ ವಿಜ್ಞಾನಿಯ ಆ ಪದ್ಧತಿ ನಿಖರವಾದದ್ದೇ. ಆದರೆ ಬೆಳಗಿನ ಜಾವದಲ್ಲಿ ನೂರು ಮಂದಿ ಕ್ಯಾನು ಹಿಡಿದು ಸಾಲಾಗಿ ನಿಂತಿರುವಾಗ ಅಷ್ಟೊಂದು ನಳಿಗೆಗಳನ್ನು ತಿರುಗಿಸುವ ಪುರುಸೊತ್ತು ಯಾರಿಗಿದ್ದೀತು? ಆದ್ದರಿಂದ ಅಂದಾಜು, ಅಂದಾಜಿನಿಂದ ಗುಮಾನಿ, ಗುಮಾನಿಯಿಂದ ಜಗಳ. ಪರೀಕ್ಷೆಗೆಂದು ತೆಗೆದಿಟ್ಟ ಸ್ಯಾಂಪಲ್ ಹಾಲು ಸಾಯಂಕಾಲ ಯಾರ ಮನೆಯಲ್ಲಿ ಹೆಪ್ಪಾಗುತ್ತದೆಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಈಗಿನ ಪೆಟ್ಟಿಗೆ ಮನುಷ್ಯನ ಕಿವಿಗೆ ಕೇಳಿಸದ ಧ್ವನಿತರಂಗವನ್ನು ಹಾಲಿನೊಳಗೆ ಹಾಯಿಸಿ, ಒಂದು ನಿಮಿಷವಾಗುವುದರೊಳಗೆ ಫ್ಯಾಟು ಎಷ್ಟು, ಎಸ್‌ಎನ್‌ಎಫ್ (ಜಿಡ್ಡಲ್ಲದ ಘನಾಂಶ) ಎಷ್ಟು, ಬೆರೆತ ನೀರೆಷ್ಟು ಎಂಬುದನ್ನು ಕೆಂಪಕ್ಷರದಲ್ಲಿ ತೋರಿಸುತ್ತದೆ. ಪಕ್ಕದ ವಿದ್ಯುತ್ ತಕ್ಕಡಿಯ ತೂಕವೂ ಅದರೊಡನೆ ಸೇರಿ, ದರ ನಿರ್ಣಯವಾಗಿ, ಚೀಟಿ ಹೊರಬೀಳುತ್ತದೆ. ಸರ್ಕಾರದ ಪ್ರೋತ್ಸಾಹಧನವು 2008ರಲ್ಲಿ ಲೀಟರಿಗೆ 2 ರೂಪಾಯಿಯಾಗಿ ಆರಂಭವಾಗಿ 2016ರಲ್ಲಿ 5 ರೂಪಾಯಿಗೆ ಏರಿ, ಹಾಲು ಹಾಕುವವರ ಬ್ಯಾಂಕಿನ ಖಾತೆಗೇ ಹೋಗುವಂತಾದದ್ದು ಇಂತಹ ಲೆಕ್ಕಕ್ಕೆ ಇನ್ನಷ್ಟು ಬೆಲೆ ತಂದಿತು. ಗಂಡಸಿನ ಕೈಗೆ ಸೇರಿ ದಾರಿಯಲ್ಲಿಯೇ ಕರಗುತ್ತಿದ್ದ ಬಟವಾಡೆಯ ಹಣ ಹೆಂಗಸಿನ ಹೆಸರಿನ ಪಾಸ್‌ಬುಕ್ಕಿನಲ್ಲಿ ಒಂದೆರಡು ದಿನವಾದರೂ ನಿಲ್ಲುವಂತಾಯಿತೆಂದರೆ, ಅದು ಸಾಮಾನ್ಯವಾದ ಲಾಭವಲ್ಲ. ಯಂತ್ರಕ್ಕೆ ಜಾತಿ ತಿಳಿಯದು, ಪಂಚಾಯಿತಿ ಚುನಾವಣೆಯಲ್ಲಿ ಯಾರು ಯಾರಿಗೆ ಓಟು ಹಾಕಿದರೆಂಬುದೂ ತಿಳಿಯದು. ಈ ಅಜ್ಞಾನವೇ ಅದರ ದೊಡ್ಡ ಗುಣವೆಂದು ನನಗೆ ತೋರುತ್ತದೆ.

ಆದರೆ ಅದೇ ಅಜ್ಞಾನ ಇನ್ನೊಂದು ವೇಷದಲ್ಲಿ ನನ್ನೆದುರಿಗೇ ಬಂದು ನಿಂತದ್ದನ್ನೂ ಹೇಳಬೇಕು. ಕೊರಟಗೆರೆ ತಾಲ್ಲೂಕಿನ ಒಂದು ಸಂಘದಲ್ಲಿ ಒಂದು ದಿನ ಬೆಳಿಗ್ಗೆ ಮುದುಕಿಯೊಬ್ಬಳು ಎಮ್ಮೆಯ ಹಾಲು ತಂದಿದ್ದಳು. ಪೆಟ್ಟಿಗೆಯಲ್ಲಿ ಹಸುವಿಗೊಂದು ಎಮ್ಮೆಗೊಂದು ಪ್ರತ್ಯೇಕ ಗುಂಡಿಯಿರುತ್ತದೆ. ಅವಸರದ ಹುಡುಗ ಅದನ್ನು ಬದಲಾಯಿಸದೆ ಹಸುವಿನ ಲೆಕ್ಕದಲ್ಲಿಯೇ ಹಾಲನ್ನು ಹೀರಿಸಿದನೆಂದು ಆಮೇಲೆ ಗೊತ್ತಾಯಿತು. ಬಂದ ಅಂಕಿಯನ್ನು ಕೇಳಿ ಮುದುಕಿ, “ಬೆರಳಿಗೆ ಅಂಟ್ತೈತಲ್ಲಪ್ಪ ಹಾಲು, ನೀನೇ ಮುಟ್ಟಿ ನೋಡು” ಎಂದಳು. ಹುಡುಗ ತಲೆಯೆತ್ತದೆ, “ಮಿಷಿನ್ನು ಹಂಗೇ ತೋರಿಸ್ತೈತೆ ಕಣಜ್ಜಿ, ನಾನೇನ್ ಮಾಡ್ಲಿ?” ಎಂದನು. ಹಳೆಯ ಕಾರ್ಯದರ್ಶಿಯೊಡನೆ ಆಕೆ ಜಗಳವಾಡಬಹುದಾಗಿತ್ತು, ಆಣೆ ಹಾಕಿಸಬಹುದಾಗಿತ್ತು, ಅವನ ತಾಯಿಯ ಹತ್ತಿರ ದೂರು ಹೇಳಬಹುದಾಗಿತ್ತು. ಪೆಟ್ಟಿಗೆಯ ಕೊಳವೆಯೊಳಗೆ ಹಾಲಿನ ಗಸಿ ಕಲ್ಲಿನಂತೆ ಕಟ್ಟಿದರೆ ಅಂಕಿ ತಪ್ಪುವುದೆಂದೂ, ಆದಕಾರಣ ಪೆಟ್ಟಿಗೆಯನ್ನು ಆಗಾಗ ತೊಳೆದು, ಗರ್ಬರ್ ಪರೀಕ್ಷೆಗೆ ಹೋಲಿಸಿ ಸರಿಪಡಿಸತಕ್ಕದ್ದೆಂದೂ ಆಕೆಗೆ ಹೇಳಿದವರಾರು? ಅನುಮಾನಪಡುವ ಹಕ್ಕೇ ಆಕೆಯ ಕೈಬಿಟ್ಟಿತ್ತು.

ಕಡಲೆಕಾಯಿ ಸುಲಿಯುವ ಯಂತ್ರದ ಕಥೆ ಬೇರೆ. ಪಾವಗಡ, ಶಿರಾಗಳ ಕಡೆ ಕಾಯಿ ಸುಲಿಯುವುದೆಂದರೆ ಬೇಸಗೆಯ ಮಧ್ಯಾಹ್ನಗಳಲ್ಲಿ ಜಗಲಿಯ ಮೇಲೆ ಕೂತ ಹೆಂಗಸರ ಕೂಲಿ. ಅದನ್ನು ಹಾಡಿ ಹೊಗಳುವ ಪಟ್ಟಣಿಗರು ಒಂದು ದಿನ ಕೂತು ಸುಲಿದು, ಸಂಜೆ ಹೆಬ್ಬೆರಳಿಗೆ ಉಪ್ಪು ತಾಗಿಸಿಕೊಂಡು ನೋಡಬೇಕು. ಎಣ್ಣೆಗೆ ಹೋಗುವ ಬೀಜವನ್ನು ಗಿರಣಿಯಲ್ಲಿ ಸುಲಿಸುವುದು ಎಲ್ಲ ರೀತಿಯಿಂದಲೂ ಯುಕ್ತ. ಬಿತ್ತನೆಯ ಬೀಜಕ್ಕಾದರೋ ಯಂತ್ರದ ಪೆಟ್ಟು ಹೊಂದುವುದಿಲ್ಲ. ಬೇಳೆ ಇಬ್ಭಾಗವಾಗುವುದೊಂದು ನಷ್ಟವಾದರೆ, ಇಡಿಯಾಗಿ ಕಾಣುವ ಬೀಜದ ಕೆಂಪು ಸಿಪ್ಪೆ ಎಲ್ಲೋ ಕೂದಲೆಳೆಯಷ್ಟು ಬಿರುಕುಬಿಟ್ಟು, ಮಣ್ಣಿನ ಬೂಷ್ಟು ಆ ಸಂದಿನಿಂದ ಒಳಹೊಕ್ಕು, ಮೊಳಕೆ ಕತ್ತಿನ ಬಳಿಯೇ ಕೊಳೆತುಹೋಗುವುದು ಕಣ್ಣಿಗೆ ಕಾಣದ ನಷ್ಟ. 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ತಳಿಯನ್ನು ಇಂದಿಗೂ ಬಿಡದ ಈ ಸೀಮೆಯ ರೈತನು ಬಿತ್ತನೆಯ ಕಾಯಿಯನ್ನು ಇನ್ನೂ ಕೈಯಿಂದಲೇ ಸುಲಿಸುತ್ತಾನಾದರೆ, ಅದನ್ನು ಮೌಢ್ಯವೆನ್ನಲಾಗದು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ರೇಷ್ಮೆ ಮಗ್ಗಗಳ ವಿಷಯದಲ್ಲಿ 1985ರ ಕೈಮಗ್ಗ ಮೀಸಲು ಕಾಯಿದೆ ಎಳೆಯಲು ಹೊರಟದ್ದೂ ಕೈಗೂ ಯಂತ್ರಕ್ಕೂ ನಡುವಿನ ಇಂತಹದೇ ಗೆರೆಯನ್ನು. 22 ಬಗೆಯ ಬಟ್ಟೆಗಳಿಗಿದ್ದ ಆ ಮೀಸಲು 1996ರಲ್ಲಿ 11ಕ್ಕೆ ಇಳಿದದ್ದನ್ನು ನೋಡಿದರೆ, ಜಗಲಿಯ ರೈತ ಎಳೆದ ಗೆರೆಯೇ ಗಟ್ಟಿಯೆನ್ನಬೇಕು.

ಇನ್ನು ಪಾವಗಡದ ಸೌರ ಉದ್ಯಾನ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿ, 2018ರ ಮಾರ್ಚಿನಲ್ಲಿ ಉದ್ಘಾಟನೆಗೊಂಡು, 2,050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿದ ಈ ವ್ಯವಸ್ಥೆಯಲ್ಲಿ ಸ್ವಯಂಚಾಲನವು ತನ್ನ ಪರಾಕಾಷ್ಠೆಗೇರಿದೆ: ತಿರುಗುವ ಚಕ್ರವಿಲ್ಲ, ಉರಿಯುವ ಒಲೆಯಿಲ್ಲ, ಪಾಳಿ ಬದಲಾಯಿತೆಂದು ಕೂಗುವ ಸೈರನ್ನೂ ಇಲ್ಲ. ಭೂಮಿಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರ ಏರಿಕೆಯೊಡನೆ ಬಾಡಿಗೆ ಕೊಡುವ ಏರ್ಪಾಡು ವಿವೇಕದ್ದೇ. ವರ್ಷವರ್ಷವೂ ಬರಗಾಲದ ಪಟ್ಟಿ ಸೇರುತ್ತಿದ್ದ ನೆಲದಲ್ಲಿ ಹತ್ತೆಕರೆಯ ಒಡೆಯನಿಗೆ ಇದಕ್ಕಿಂತ ನಂಬಿಕಸ್ತ ಬೆಳೆ ಬೇರೆಯಿಲ್ಲ.

ಆದರೆ ಆ ಹತ್ತೆಕರೆಯಲ್ಲಿ ಕಳೆ ತೆಗೆದು, ಗಿಡ ಕಿತ್ತು, ಕಾಯಿ ಬಿಡಿಸುತ್ತಿದ್ದವರಿಗೆ ನೆಲವಿರಲಿಲ್ಲ. ಆದ್ದರಿಂದ ಬಾಡಿಗೆಯೂ ಇಲ್ಲ. ಡೈರಿಯ ಪೆಟ್ಟಿಗೆಗೂ ಇದಕ್ಕೂ ಇರುವ ಭೇದವೆಲ್ಲ ಇಲ್ಲಿದೆ. ಡೈರಿಯಲ್ಲಿ ಯಂತ್ರದ ಒಡೆತನ ಹಾಲು ಹಾಕುವವರ ಸಂಘದ್ದು; ಅದು ಉಳಿಸಿದ ಕಾಸು ಸುತ್ತಿ ಬಳಸಿ ಅವರ ಬಟವಾಡೆಗೇ ಬರಬೇಕು, ಅದು ತಪ್ಪು ಮಾಡಿದರೆ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವುದಕ್ಕೆ ಮುದುಕಿಗೆ, ಯಾರಾದರೂ ಬೆಂಬಲಕ್ಕೆ ನಿಂತರೆ, ಒಂದು ಜಾಗವುಂಟು. ಸೌರಫಲಕದ ಗಳಿಕೆ ವಿದ್ಯುತ್ ಕಂಪನಿಗೂ ನೆಲದ ಒಡೆಯನಿಗೂ ಹಂಚಿಹೋಗುತ್ತದೆ. ಕೂಲಿಯವನ ನಷ್ಟವನ್ನು ಬರೆದುಕೊಳ್ಳುವ ಪುಸ್ತಕವೇ ಆ ವ್ಯವಸ್ಥೆಯಲ್ಲಿಲ್ಲ. ಗುಣ ಒಂದು ಮನೆಗೂ ದೋಷ ಇನ್ನೊಂದು ಮನೆಗೂ ಸೇರುವಾಗ, ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ‘ಒಟ್ಟಿನ ಮೇಲೆ ಲಾಭ’ವೆಂದು ತೀರ್ಮಾನಿಸುವವರ ಗಣಿತ ನನಗೆ ಒಪ್ಪಿಗೆಯಿಲ್ಲ.

ಫಲಕಗಳ ಮೇಲೆ ಧೂಳು ಕೂತರೆ ವಿದ್ಯುತ್ತು ಇಳಿಯುತ್ತದೆ. ಅದನ್ನು ನೀರಿನಿಂದ ತೊಳೆಯುವುದು ಒಂದು ಕೂಲಿಯಾಗಿತ್ತು. ನೀರನ್ನೇ ಬೇಡದೆ, ಸಾಲಿನ ತುದಿಯಿಂದ ತುದಿಗೆ ಜಾರಿಕೊಂಡು ಹೋಗಿ ಒರೆಸುವ ಯಂತ್ರಗಳು ಸೌರಸ್ಥಾವರಗಳಲ್ಲಿ ಈಗ ಬಳಕೆಗೆ ಬಂದಿವೆ. ಕುಡಿಯುವ ನೀರಿನಲ್ಲಿಯೇ ಫ್ಲೋರೈಡಿನ ಬಾಧೆಯನ್ನುಂಡ ಪಾವಗಡದಂತಹ ತಾಲ್ಲೂಕಿನಲ್ಲಿ ಅವನ್ನು ಬೇಡವೆನ್ನುವುದಕ್ಕೆ ನನಗೂ ಬಾಯಿ ಬಾರದು. ಫಲಕದ ಕೆಳಗೆ ಬೆಳೆಯುವ ಹುಲ್ಲನ್ನು ಕೊಯ್ಯುವುದಕ್ಕೆ ಮಾತ್ರ ಇನ್ನೂ ಆಳು ಬೇಕಾಗಿರುವುದರಿಂದ, ಮಳೆ ಬಿದ್ದ ವರ್ಷಗಳಲ್ಲಿ ಕೆಲವು ವಾರ, ಕುಡುಗೋಲು ಹಿಡಿದು ಬಂದ ಹೆಂಗಸರಿಗೆ ತಂತಿಬೇಲಿಯ ಗೇಟನ್ನು ತೆಗೆಯುತ್ತಾರೆ.